ಮಂಗಳೂರಿನ ಹಳೆ ಬಂದರಿನಲ್ಲಿ ನಡೆಯುತ್ತಾ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಪಶ್ಚಿಮಕ್ಕೆ ಇಳಿಯುವ ರಸ್ತೆಗಳಲ್ಲಿ ಸ್ವಲ್ಪ ದೂರ ನಡೆದರೆ ಹಳೆ ಬಂದರು ಸಿಗುತ್ತದೆ. ಊರಿನವರು ಬಂದರಿನ ಕಟ್ಟೆಯನ್ನಷ್ಟೇ ಅಲ್ಲ, ಅದರ ಹಿಂದಿನ ಪೇಟೆ, ಮಸೀದಿ, ಗೋದಾಮು, ವಸತಿಗಳೆಲ್ಲವನ್ನೂ ಸೇರಿಸಿ ಇಡೀ ಪ್ರದೇಶವನ್ನು ‘ಬಂದರ್’ ಎನ್ನುತ್ತಾರೆ. ಪ್ರವಾಸಕ್ಕೆ ಬಂದವರು ಕದ್ರಿ, ಕುದ್ರೋಳಿ, ಪಣಂಬೂರುಗಳನ್ನು ನೋಡಿ ಹಿಂದಿರುಗುತ್ತಾರೆ. ಲಾರಿಗಳ ಸಂದಣಿಯೂ ಒಣಮೀನಿನ ವಾಸನೆಯೂ ಇರುವ ಈ ಕಡೆಗೆ ಬರುವವರು ಕಡಿಮೆ. ಆದರೆ ಕರಾವಳಿಯ ಒಂಬತ್ತು ಶತಮಾನಗಳ ವ್ಯಾಪಾರದ ಇತಿಹಾಸವನ್ನು ಒಂದೇ ಬೆಳಗಿನಲ್ಲಿ, ಕಾಲ್ನಡಿಗೆಯಲ್ಲಿ ಅರಿಯಬೇಕೆಂದರೆ ಮಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನಡಿಗೆಯನ್ನು ಪೇಟೆಯಿಂದಲ್ಲ, ನೀರಿನ ಅಂಚಿನಿಂದ ಆರಂಭಿಸಬೇಕು. ಬಂದರಿನ ಎದುರಿಗಿರುವುದು ಸಮುದ್ರವಲ್ಲ, ಗುರುಪುರ ನದಿ. ಫಲ್ಗುಣಿ ಎಂದೂ ಅದಕ್ಕೆ ಹೆಸರಿದೆ. ಉತ್ತರದಿಂದ ಬರುವ ಈ ನದಿ ಕಡಲನ್ನು ನೇರವಾಗಿ ಸೇರದೆ, ಬೆಂಗ್ರೆ ಎಂಬ ಮರಳಿನ ನೀಳ ನೆಲದ ಹಿಂದೆ ದಕ್ಷಿಣಕ್ಕೆ ಹರಿದು, ನೇತ್ರಾವತಿಯೊಂದಿಗೆ ಕೂಡಿ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಅಲೆಗಳ ಹೊಡೆತವನ್ನು ಬೆಂಗ್ರೆ ತಡೆಯುವುದರಿಂದ ಒಳಗಿನ ನೀರು ಶಾಂತವಾಗಿರುತ್ತದೆ. ಎರಡು ನದಿಗಳು ತರುವ ಮರಳು ಅಳಿವೆಯ ಬಾಯಲ್ಲಿ ಸೇರುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗುವುದಿಲ್ಲ. ಮಂಗಳೂರಿನ ಬಂದರಿಗೆ ಆಶ್ರಯವಾದದ್ದೂ ಮಿತಿಯಾದದ್ದೂ ಈ ಮರಳೇ. ಹೊರಕಡಲಿನಲ್ಲಿ ಲಂಗರು ಹಾಕಿದ ಹಡಗುಗಳಿಂದ ದೋಣಿಗಳಲ್ಲಿ ಸರಕು ಇಳಿಸಿ ತರುವ ಕೆಲಸವೇ ಇಲ್ಲಿನ ಎಷ್ಟೋ ಕುಟುಂಬಗಳಿಗೆ ತಲೆಮಾರುಗಳ ಕಾಲ ಅನ್ನ ಕೊಟ್ಟಿತು.

1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಮೊದಲು ಗಮನಿಸಿದ್ದೂ ಈ ಹಿನ್ನೀರನ್ನೇ. ಊರನ್ನು ಅವನು ‘ಮಂಜರೂರ್’ ಎಂದು ಬರೆದಿದ್ದಾನೆ. ಫಾರಸ್ (ಪರ್ಷಿಯಾ) ಮತ್ತು ಯೆಮನ್ ದೇಶಗಳ ವರ್ತಕರು ಬಹುಪಾಲು ಇಳಿಯುವುದು ಇಲ್ಲಿಯೇ, ಮೆಣಸು ಮತ್ತು ಶುಂಠಿ ಇಲ್ಲಿ ಹೇರಳ, ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ವಾಸವಾಗಿದ್ದಾರೆ ಎಂಬುದು ಅವನ ವರದಿ. ಅವರಿಗೂ ಊರವರಿಗೂ ಆಗಾಗ ಕಲಹವಾಗುತ್ತಿತ್ತು, ಅರಸನಿಗೆ ವರ್ತಕರು ಬೇಕಾಗಿದ್ದುದರಿಂದ ಅವನೇ ಮುಂದೆ ನಿಂತು ರಾಜಿ ಮಾಡಿಸುತ್ತಿದ್ದ ಎಂಬ ಮಾತೂ ಅಲ್ಲಿದೆ. ನನಗೆ ಆ ಇಡೀ ವರದಿಯಲ್ಲಿ ಅತ್ಯಂತ ನಂಬಿಕೆ ಹುಟ್ಟಿಸುವುದು ಈ ಮಾತು, ಏಕೆಂದರೆ ಬಂದರಿನ ಊರುಗಳಲ್ಲಿ ಸಹಬಾಳ್ವೆ ಎನ್ನುವುದು ಸುಮ್ಮನೆ ಒದಗಿಬಂದದ್ದಲ್ಲ, ಅಗತ್ಯದಿಂದ ಮತ್ತೆ ಮತ್ತೆ ಕುದುರಿಸಿಕೊಂಡದ್ದು ಎಂಬುದನ್ನು ಅದು ಮರೆಮಾಚದೆ ಹೇಳುತ್ತದೆ.

ಬಂದರಿನ ಒಳರಸ್ತೆಗಳಲ್ಲಿ ಹೋದರೆ ಝೀನತ್ ಬಕ್ಷ್ ಜುಮ್ಮಾ ಮಸೀದಿ ಇದೆ. ಅರೇಬಿಯಾದಿಂದ ಬಂದ ಮಾಲಿಕ್ ದೀನಾರ್ ಅವರ ಬಳಗ ಏಳನೆಯ ಶತಮಾನದಲ್ಲಿ ಇದನ್ನು ಸ್ಥಾಪಿಸಿತು ಎಂಬುದು ಸಮುದಾಯದ ನಂಬಿಕೆ. ಮುಂದೆ ಟಿಪ್ಪು ಸುಲ್ತಾನ್ ಇದನ್ನು ನವೀಕರಿಸಿದ ಎಂದೂ ಹೇಳುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ನೋಡಿದವರಿಗೆ ಕರಾವಳಿಯ ಗುತ್ತುಮನೆಗಳ (ಹಳೆಯ ಜಮೀನ್ದಾರಿ ಮನೆಗಳ) ಮತ್ತು ದೇವಸ್ಥಾನಗಳ ಮರಗೆಲಸ ನೆನಪಾಗದೆ ಇರದು. ಮಸೀದಿಗಾಗಲಿ ಮನೆಗಾಗಲಿ ಇಲ್ಲಿ ಉಳಿ ಹಿಡಿದವರು ಒಂದೇ ನೆಲದ ಬಡಗಿಗಳು.

ಇಬ್ನ್ ಬತೂತನಿಗೂ ಇನ್ನೂರು ವರ್ಷ ಹಿಂದೆ ಇಲ್ಲಿ ಬದುಕಿದ ಒಬ್ಬ ವರ್ತಕನ ಹೆಸರು ನಮಗೆ ಗೊತ್ತಿರುವುದು ಕೈರೋದಲ್ಲಿ ಯಹೂದಿಗಳ ಪ್ರಾರ್ಥನಾಮಂದಿರವಾದ ಒಂದು ಸಿನಗಾಗ್‌ನಲ್ಲಿ ಉಳಿದುಬಂದ ಹಳೆಯ ಕಾಗದಗಳಿಂದ. ಟುನೀಶಿಯಾ ಮೂಲದ ಯಹೂದಿ ಅಬ್ರಹಾಂ ಬೆನ್ ಯಿಜು 1132ರ ಸುಮಾರಿನಿಂದ 1149ರವರೆಗೆ ಹೆಚ್ಚಿನ ಕಾಲ ಕಳೆದದ್ದು ಮಂಗಳೂರಿನಲ್ಲಿ. ಯೆಮನ್ನಿನ ಏಡನ್ ಬಂದರಿನಿಂದ ಬರುತ್ತಿದ್ದ ಒಡೆದ ಕಂಚಿನ ಪಾತ್ರೆಗಳನ್ನು ಕರಗಿಸಿ ಹೊಸದಾಗಿ ಮಾಡಿಸಿ ಕಳಿಸುವ ಕಾರ್ಖಾನೆಯನ್ನು ಅವನು ನಡೆಸುತ್ತಿದ್ದ. ಮೆಣಸು, ಅಡಿಕೆ, ಕಬ್ಬಿಣಗಳನ್ನು ಹಡಗಿಗೆ ಏರಿಸುತ್ತಿದ್ದ. ಬರೆಯುವ ಕಾಗದವನ್ನು ಏಡನ್‌ನ ಗೆಳೆಯರಿಂದ ತರಿಸಿಕೊಳ್ಳುತ್ತಿದ್ದ. ಆಶು ಎಂಬ ಇಲ್ಲಿಯ ದಾಸಿಯನ್ನು ಅವನು 1132ರಲ್ಲಿ ಬಂಧಮುಕ್ತಗೊಳಿಸಿದ ಪತ್ರ ಇಂದಿಗೂ ಇದೆ. ಅವನ ವಹಿವಾಟು ನೋಡಿಕೊಳ್ಳುತ್ತಿದ್ದ ಸೇವಕನ ಹೆಸರು ಬೊಮ್ಮ ಎಂದಿರಬೇಕೆಂದು ವಿದ್ವಾಂಸರು ಓದಿದ್ದಾರೆ. ಇವರು ಬದುಕಿದ ಮನೆ ಯಾವುದೆಂದು ತೋರಿಸುವ ಒಂದು ಕಲ್ಲೂ ಇಲ್ಲಿಲ್ಲ. ಆದರೂ ಅಡಿಕೆಯ ಮಂಡಿಗಳ ಮುಂದೆ ನಡೆಯುವಾಗ, ಅದೇ ಸರಕಿನ ಲೆಕ್ಕ ಬರೆದ ಆ ಕಾಗದಗಳನ್ನು ನಾನು ನೆನೆಯದೆ ಮುಂದೆ ಹೋಗಲಾರೆ.

ಪೋರ್ಚುಗೀಸರ ಕಾಲಕ್ಕೆ ಬಂದರೆ, 1568ರಲ್ಲಿ ಅವರು ಮಂಗಳೂರನ್ನು ಹಿಡಿದ ಕಾಲದಿಂದ ರೊಸಾರಿಯೊ ಚರ್ಚಿನ ಕಥೆ ಆರಂಭವಾಗುತ್ತದೆ. ಈಗಿನ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಈ ಕರಾವಳಿಯಲ್ಲಿ ಪೋರ್ಚುಗೀಸರಿಗೆ ಮುಖ್ಯವಾಗಿ ಬೇಕಾಗಿದ್ದುದು ಅಕ್ಕಿ. ತುಳುನಾಡಿನ ಅಕ್ಕಿಮುಡಿಗಳಿಲ್ಲದೆ ಗೋವೆಯ ಹೊಟ್ಟೆ ತುಂಬುತ್ತಿರಲಿಲ್ಲ.

ನನ್ನನ್ನು ಮತ್ತೆ ಮತ್ತೆ ಇಲ್ಲಿಗೆ ಸೆಳೆಯುವುದು ಮಾತ್ರ ಲಕ್ಷದ್ವೀಪದ ನಂಟು. ಕಟ್ಟೆಯ ಉದ್ದಕ್ಕೂ ನಿಂತಿರುವ ಮಂಜಿಗಳನ್ನು, ಅಂದರೆ ಸರಕು ಸಾಗಿಸುವ ಮರದ ಹಡಗುಗಳನ್ನು, ನೋಡಬೇಕು. ಒಂದಕ್ಕೆ ತರಕಾರಿ ಮೂಟೆ, ಇನ್ನೊಂದಕ್ಕೆ ಸಿಮೆಂಟು, ಜಲ್ಲಿ, ಕಲ್ಲು, ಮತ್ತೊಂದಕ್ಕೆ ದಿನಸಿ ಏರುತ್ತಿರುತ್ತದೆ. ಹಮಾಲಿಗಳು ಹಲಗೆಯ ಮೇಲೆ ಹೆಜ್ಜೆ ತಪ್ಪದೆ ಹತ್ತಿ ಇಳಿಯುತ್ತಿರುತ್ತಾರೆ. ಹವಳದ ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ, ಕಟ್ಟಡಕ್ಕೆ ಬೇಕಾದ ಗಟ್ಟಿಕಲ್ಲು ಸಿಗುವುದಿಲ್ಲ. ತೆಂಗು ಮತ್ತು ಮೀನು ಅಲ್ಲಿ ಇವೆ, ಉಳಿದದ್ದೆಲ್ಲ ದಡದಿಂದ ಹೋಗಬೇಕು. ಈ ನಂಟು ವ್ಯಾಪಾರಕ್ಕೆ ಸೀಮಿತವಾಗಿರಲಿಲ್ಲ. 1783ರಲ್ಲಿ ಅಮಿನಿ ದ್ವೀಪದ ಕೆಲವರು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತು ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳುವಂತೆ ಟಿಪ್ಪುವನ್ನು ಕೇಳಿಕೊಂಡರು. ಹೀಗೆ ಅಮಿನಿದಿವಿ ಗುಂಪಿನ ದ್ವೀಪಗಳು ಮೈಸೂರಿನ ಅಧೀನಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವುಗಳನ್ನು ಮಂಗಳೂರಿನಿಂದಲೇ ಆಳಿತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಬೇಕು, ಅದಕ್ಕೆ ಪ್ರತಿಯಾಗಿ ಅಕ್ಕಿ ಪಡೆಯಬೇಕು ಎಂಬ ಏಕಸ್ವಾಮ್ಯವೂ ಬಂತು. 1956ರಲ್ಲಿ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಆ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ನಮ್ಮ ಜಿಲ್ಲೆಯ ಗಡಿ ಒಂದು ಕಾಲಕ್ಕೆ ಕಡಲಿನ ಮಧ್ಯದಲ್ಲಿತ್ತು ಎಂಬುದನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಮಂಜಿಯೊಂದರ ಬಳಿ ಹಗ್ಗ ಸುತ್ತುತ್ತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. ‘ಹಾಯಿ ನೋಡಿ ಹೋಗುವ ಕಾಲ ನಮ್ಮ ಅಪ್ಪನಿಗೇ ಮುಗೀತು ಮಾರಾಯ್ರೆ, ಈಗ ಇಂಜಿನ್ ಉಂಟು. ಆದರೆ ಮಳೆಗಾಲ ಬಂತು ಅಂದ್ರೆ ಇಂಜಿನ್ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ’ ಎಂದರು. ಮುಂಗಾರಿನಲ್ಲಿ ಮಂಜಿಗಳ ಓಡಾಟ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಆ ತಿಂಗಳುಗಳಲ್ಲಿ ಪಕ್ಕದ ದಕ್ಕೆಯಲ್ಲಿ (ಮೀನುಗಾರಿಕೆಯ ಕಟ್ಟೆಯಲ್ಲಿ) ಬೋಟುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಬಲೆ ಹೆಣೆಯುವ ಮತ್ತು ಬೋಟು ದುರಸ್ತಿ ಮಾಡುವ ಕೆಲಸ ನಡೆಯುತ್ತದೆ.

ದಕ್ಷಿಣಕ್ಕೆ ಹೊಯಿಗೆ ಬಜಾರ್, ಬೋಳಾರ, ಜೆಪ್ಪುಗಳ ಕಡೆ ಹೋದರೆ ಹೆಂಚಿನ ಕಾರ್ಖಾನೆಗಳ ಕಾಲ ತೆರೆದುಕೊಳ್ಳುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಆರಂಭಿಸಿದ. ಆವೆಮಣ್ಣು ಬಂದದ್ದೂ ನದಿಯಿಂದ, ಸುಟ್ಟ ಹೆಂಚು ಹೋದದ್ದೂ ನದಿಯ ಮೇಲೆ. ಈಗ ಕೆಲವು ಕಡೆ ಚಿಮಣಿ ಮಾತ್ರ ನಿಂತಿದೆ. ಈ ಭಾಗಕ್ಕೆ ಪ್ರತ್ಯೇಕ ನಡಿಗೆಯೇ ಬೇಕು.

1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಮೇಜರ್ ಬಂದರಾದ ಮೇಲೆ ದೊಡ್ಡ ಹಡಗುಗಳ ವ್ಯಾಪಾರವೆಲ್ಲ ಅಲ್ಲಿಗೆ ಸರಿಯಿತು. ಹಳೆ ಬಂದರು ಅಳಿಯಬೇಕಿತ್ತು, ಅಳಿಯಲಿಲ್ಲ. ಆಳವಿಲ್ಲದ ನೀರು ಮಂಜಿಗಳಿಗೂ ಮೀನುಗಾರಿಕೆಯ ಬೋಟುಗಳಿಗೂ ಸಾಕಾಗಿತ್ತು, ಪೇಟೆ ಪಕ್ಕದಲ್ಲಿಯೇ ಇತ್ತು. ಇತ್ತೀಚೆಗೆ ನದಿದಂಡೆಗಳನ್ನು ಸುಂದರಗೊಳಿಸುವ ಮಾತು ಹೆಚ್ಚಾಗಿದೆ. ವಿಹಾರಪಥ ಬರಲಿ, ಕುಳಿತುಕೊಳ್ಳಲು ಕಟ್ಟೆ ಬರಲಿ. ಆದರೆ ಅದಕ್ಕಾಗಿ ಮೂಟೆ ಹೊರುವವರನ್ನೂ ಮಂಜಿಗಳನ್ನೂ ಇಲ್ಲಿಂದ ತೆರವುಗೊಳಿಸುವುದು ಅನ್ಯಾಯ. ಹಳೆಯ ಕಟ್ಟಡಗಳು ಇಲ್ಲಿ ಉಳಿದಿರುವುದು ಕಡಿಮೆ. ಉಳಿದಿರುವುದು ಕೆಲಸ, ಮತ್ತು ಅದನ್ನೇ ನಾವು ಪರಂಪರೆ ಎಂದು ಗುರುತಿಸಿ ಕಾಪಾಡಬೇಕು.

ಈ ನಡಿಗೆಗೆ ಮಳೆ ಕಳೆದು ಮಂಜಿಗಳು ಹೊರಡಲಾರಂಭಿಸಿದ ನಂತರದ ದಿನಗಳು ಸೂಕ್ತ. ಬೆಳಗಿನ ಹೊತ್ತು ದಕ್ಕೆಯಲ್ಲಿ ಬಂಗುಡೆ, ಬೂತಾಯಿಗಳ ಹರಾಜು ನಡೆಯುವಾಗ ತಲುಪಿ, ಕೆಲಸಕ್ಕೆ ಅಡ್ಡಿಯಾಗದಂತೆ ಬದಿಯಲ್ಲಿ ನಿಂತು ನೋಡಬೇಕು. ಸರಕು ಏರಿಸುವ ಕಟ್ಟೆಗೆ ಹೋಗುವ ಮೊದಲು ಅಲ್ಲಿದ್ದವರ ಅನುಮತಿ ಕೇಳಬೇಕು. ಕೊನೆಗೆ ಫೆರಿಯಲ್ಲಿ ಬೆಂಗ್ರೆಗೆ ದಾಟಿದರೆ, ಒಂದು ಬದಿಗೆ ನದಿಯನ್ನೂ ಇನ್ನೊಂದು ಬದಿಗೆ ಕಡಲನ್ನೂ ಇಟ್ಟುಕೊಂಡು ಅಳಿವೆಯ ಕಡೆಗೆ ನಡೆಯಬಹುದು.