ದುಡ್ಡು ಕೊಟ್ಟು ಭಾಷಣ ಕೇಳೋಕೆ ಹೋಗಿದ್ದು

2024ರ ಮೇ ಕೊನೇಲಿ ಅಪ್ಪ ಅಮ್ಮ ಬರ್ಮಿಂಗ್‌ಹ್ಯಾಮಲ್ಲಿ ನಮ್ಮನೇಲೇ ಇದ್ರು. ಅಮ್ಮಂಗೆ ಮೊಮ್ಮಗಳೊಬ್ಬಳಿದ್ರೆ ಸಾಕು, ಇನ್ನೇನೂ ಬೇಡ. ಅಪ್ಪ ಮಾತ್ರ ಎರಡನೇ ವಾರಕ್ಕೇ ಚಡಪಡಿಸೋಕೆ ಶುರು ಮಾಡಿದ್ರು, ಬೆಳಗ್ಗೆ ಪೇಪರ್ ಬರಲ್ಲ, ಕಟ್ಟೆ ಮೇಲೆ ಕೂತು ಮಾತಾಡೋಕೆ ಜನ ಇಲ್ಲ, ಕಿಟಕಿ ಹತ್ರ ನಿಂತು ಕಸದ ಲಾರಿ ಯಾವಾಗ ಬರುತ್ತೆ ಅಂತ ಕಾಯೋದು. ಹಾಸನ ಜಿಲ್ಲೆ ಹೈಸ್ಕೂಲುಗಳಲ್ಲಿ 31 ವರ್ಷ ಕನ್ನಡ ಮೇಷ್ಟ್ರಾಗಿದ್ದ ಮನುಷ್ಯ, ಎಷ್ಟೂಂತ ಲಾರಿ ನೋಡ್ತಾರೆ ಪಾಪ. ಸರಿ ಅಂತ ಹೇ ಫೆಸ್ಟಿವಲ್‌ಗೆ, ಅಂದ್ರೆ ಹೇ ಅನ್ನೋ ಊರಲ್ಲಿ ನಡೆಯೋ ಸಾಹಿತ್ಯದ ಜಾತ್ರೆಗೆ, ಅಪ್ಪಂಗೂ ನಂಗೂ ಟಿಕೆಟ್ ಮಾಡಿಸ್ದೆ.

ಟಿಕೆಟ್ ಅಂದ ತಕ್ಷಣ ಶುರುವಾಯ್ತು. "ಭಾಷಣ ಕೇಳೋಕೆ ದುಡ್ಡಾ? ಅಲ್ಲ ಕಣೋ, ನಮ್ಮಲ್ಲಿ ಊಟ ಹಾಕಿ ಕೂರಿಸಿದ್ರೂ ಜನ ಎದ್ದು ಹೋಗ್ತಾರೆ." ಅಲ್ಲಿ ಜಾಗದೊಳಗೆ ಹೋಗೋಕೆ ದುಡ್ಡಿಲ್ಲ, ಸುತ್ತಾಡಿ, ಪುಸ್ತಕ ನೋಡಿ, ಹುಲ್ಲಿನ ಮೇಲೆ ಕೂತ್ಕೊಳಿ, ಯಾರೂ ಕೇಳಲ್ಲ. ಆದ್ರೆ ಒಂದೊಂದು ಟಾಕ್‌ಗೂ ಬೇರೆ ಬೇರೆ ಟಿಕೆಟ್. ನಮ್ಮ ಲೆಕ್ಕದಲ್ಲಿ ಒಂದು ಗಂಟೆಗೆ ತಲೆಗೆ ಸಾವಿರ ರೂಪಾಯಿ ಮೇಲೇ ಬಿತ್ತು. ನಾನು ಅಪ್ಪಂಗೆ ಅರ್ಧ ರೇಟ್ ಹೇಳ್ದೆ, ಅದಕ್ಕೂ ಬೈಸ್ಕೊಂಡೆ.

ಹೇ-ಆನ್-ವೈ ಅನ್ನೋದು ವೇಲ್ಸ್‌ನ ಅಂಚಲ್ಲಿರೋ ಊರು, ಜನಸಂಖ್ಯೆ ಎರಡು ಸಾವಿರಾನೂ ಇಲ್ಲ, ಸ್ವಲ್ಪ ದೂರ ನಡೆದ್ರೆ ಇಂಗ್ಲೆಂಡು. ಊರಿಗೆ ರೈಲಿಲ್ಲ. ಹೆರೆಫರ್ಡ್ ತನಕ ರೈಲು, ಅಲ್ಲಿಂದ ಬಸ್ಸು. ಇಷ್ಟು ಚಿಕ್ಕ ಊರಿಗೆ ಪುಸ್ತಕದ ಹೆಸರು ಬರೋಕೆ ಕಾರಣ ರಿಚರ್ಡ್ ಬೂತ್ ಅಂತ ಒಬ್ಬ, 60ರ ದಶಕದಲ್ಲಿ ಹಳೇ ಪುಸ್ತಕದ ಅಂಗಡಿ ಹಾಕಿದೋನು. ಅವನನ್ನ ನೋಡಿ ಇನ್ನೊಬ್ರು, ಇನ್ನೊಬ್ರನ್ನ ನೋಡಿ ಮತ್ತೊಬ್ರು, ಹಿಂಗೇ ಊರು ತುಂಬಾ ಪುಸ್ತಕದ ಅಂಗಡಿ ಆದ್ವು. 1977ರ ಏಪ್ರಿಲ್ 1ಕ್ಕೆ ಈ ಪುಣ್ಯಾತ್ಮ ಹೇ ಸ್ವತಂತ್ರ ದೇಶ, ನಾನೇ ಇಲ್ಲಿನ ರಾಜ ಅಂತ ಘೋಷಣೆ ಮಾಡಿ, ಕುದುರೇನ ಪ್ರಧಾನಮಂತ್ರಿ ಮಾಡ್ದ ಅಂತ ಕಥೆ. ಫೆಸ್ಟಿವಲ್ ಶುರುವಾಗಿದ್ದು ಆಮೇಲೆ, 1988ರಲ್ಲಿ, ಬೇರೆಯವರಿಂದ. ಬಸ್ಸಲ್ಲಿ ಇದನ್ನೆಲ್ಲ ಹೇಳಿದ್ರೆ ಅಪ್ಪಂಗೆ ಕುದುರೆ ವಿಷಯ ಒಂದೇ ಹಿಡಿಸಿದ್ದು.

ಬೇಸಿಗೆ ಫೆಸ್ಟಿವಲ್ ಅಂತಾರೆ ಅಷ್ಟೆ. ಅಪ್ಪ ಬನಿಯನ್ ಮೇಲೆ ಥರ್ಮಲ್, ಅದರ ಮೇಲೆ ಶರ್ಟು, ಸ್ವೆಟರು, ಜರ್ಕಿನ್ನು, ತಲೆಗೆ ಮಂಕಿಕ್ಯಾಪು ಹಾಕ್ಕೊಂಡು ಬಂದಿದ್ರು, ಪಕ್ಕದಲ್ಲೇ ಒಬ್ಬ ಚಡ್ಡಿ ಹಾಕ್ಕೊಂಡು ಮಳೇಲಿ ಐಸ್‌ಕ್ರೀಮ್ ತಿಂತಾ ನಿಂತಿದ್ದ. ಕುರಿ ಹಾಲಿನ ಐಸ್‌ಕ್ರೀಮು, ಅಲ್ಲಿ ಅದೇ ಫೇಮಸ್ಸು. ಅಪ್ಪಂಗೂ ಒಂದು ಕೊಡಿಸ್ದೆ, ತಿಂದಾದ ಮೇಲೆ ಕುರಿ ಅಂತ ಹೇಳ್ದೆ.

ನಾವು ಹೋಗಿದ್ದು ಒಬ್ಬ ಕಾದಂಬರಿಕಾರ್ತಿಯ ಟಾಕ್‌ಗೆ. ಹೆಸರು ಬೇಡ, ಯಾಕಂದ್ರೆ ಮೊದಲ ಅರ್ಧ ಗಂಟೆ ಚೆನ್ನಾಗಿ ಬೋರ್ ಹೊಡೆಸಿದ್ರು. ದೊಡ್ಡ ಟೆಂಟು, ಸ್ಟೇಜ್ ಮೇಲೆ ಎರಡು ಕುರ್ಚಿ, ಮಧ್ಯ ಸಣ್ಣ ಟೇಬಲ್ಲು, ನೀರಿನ ಲೋಟ, ಅಷ್ಟೆ. ಹೇಳಿದ ಟೈಮಿಗೆ ಸರಿಯಾಗಿ ಶುರು. ಪ್ರಾರ್ಥನೆ ಇಲ್ಲ, ದೀಪ ಇಲ್ಲ, ಸ್ವಾಗತ ಭಾಷಣ ಇಲ್ಲ, ಶಾಲು ಹಾರ ಹಣ್ಣಿನ ಬುಟ್ಟಿ ಯಾವುದೂ ಇಲ್ಲ. ಅಪ್ಪ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ್ರು, "ಅಧ್ಯಕ್ಷತೆ ಯಾರ್ದು?"

ನಿಜ ಹೇಳ್ಬೇಕು ಅಂದ್ರೆ ನಮ್ಮ ಗೋಷ್ಠಿಗಳ ಕಷ್ಟ ಅಪ್ಪಂಗೆ ನನಗಿಂತ ಚೆನ್ನಾಗಿ ಗೊತ್ತು, ಆರು ಜನ ಮಾತಾಡೋರು, ಪ್ರತಿಯೊಬ್ರೂ ಸಮಯದ ಅಭಾವ ಇದೆ ಅಂತ ಹೇಳೋಕೇ ಐದು ನಿಮಿಷ ತಗೊಳ್ಳೋದು, ನಿರೂಪಕರು ಚೀಟಿ ಕೊಟ್ರೆ ಅದನ್ನ ಮಡಚಿ ಜೇಬಿಗೆ ಹಾಕ್ಕೊಳ್ಳೋದು, ಕೊನೆಗೆ ಅಧ್ಯಕ್ಷರು ಎದ್ದಾಗ ಶಾಮಿಯಾನದೋರು ಕುರ್ಚಿ ಎತ್ತಿಡ್ತಿರ್ತಾರೆ. ಆದ್ರೆ ಇಲ್ಲಿನ ಸಂದರ್ಶನದ ಶೈಲಿಗೂ ಒಂದು ರೋಗ ಇದೆ ಅಂತ ನನಗೆ ಅವತ್ತು ಅನ್ನಿಸ್ತು. ಆಯಮ್ಮ ಅದೇ ಪ್ರಶ್ನೆಗಳಿಗೆ ಎಷ್ಟು ಊರಲ್ಲಿ ಉತ್ತರ ಕೊಟ್ಟಿದ್ರೋ ಏನೋ, ನಗೋ ಜಾಗ ಎಲ್ಲಾ ಮೊದಲೇ ಗುರುತು ಹಾಕಿಟ್ಟಂಗಿತ್ತು. ಚೆನ್ನಾಗಿ ಬರೆಯೋರು ಚೆನ್ನಾಗಿ ಮಾತಾಡ್ಲೇಬೇಕು ಅಂತ ಯಾರು ಹೇಳಿದ್ದೋ ಗೊತ್ತಿಲ್ಲ.

ಆಮೇಲೆ ಪುಸ್ತಕದಿಂದ ಎರಡು ಪುಟ ಓದಿ ಅಂದ್ರು. ಒಬ್ಬ ಮುದುಕಿ ತೀರಿಹೋದ ಗಂಡನ ಬಟ್ಟೆಗಳನ್ನ ಗಂಟು ಕಟ್ತಾ ಇರ್ತಾಳೆ, ಅಷ್ಟೇ ಇರೋದು ಅದರಲ್ಲಿ. ಅಷ್ಟೊತ್ತಿಗೆ ಮಳೆ ಜೋರಾಗಿ ಟೆಂಟ್ ಮೇಲೆ ಡಬಡಬ ಅಂತ ಶುರುವಾಯ್ತು, ಅವರು ನಿಲ್ಲಿಸಲೂ ಇಲ್ಲ, ದನಿ ಎತ್ತರಿಸಲೂ ಇಲ್ಲ, ಮೈಕಿಗೆ ಇನ್ನೂ ಸ್ವಲ್ಪ ಹತ್ರ ಬಂದ್ರು. ನಾವೆಲ್ಲ ಮುಂದಕ್ಕೆ ಬಗ್ಗಿದ್ವಿ. ಅಪ್ಪ ಮಂಕಿಕ್ಯಾಪ್ ತೆಗೆದು ತೊಡೆ ಮೇಲೆ ಇಟ್ಕೊಂಡ್ರು. ಮುಗಿದ ಮೇಲೆ, ಅರ್ಥ ಆಯ್ತಾ ಅಪ್ಪ ಅಂದೆ. "ಮುಕ್ಕಾಲು ಭಾಗ. ಉಸಿರು ಎಲ್ಲಿ ತಗೋತಾಳೆ ನೋಡ್ದಾ? ಫುಲ್‌ಸ್ಟಾಪ್ ಹತ್ರ ಅಲ್ಲ, ಬಟ್ಟೆ ಹೆಸರು ಬಂದಾಗೆಲ್ಲ."

ನಂಗೆ ಅದು ಗೊತ್ತೇ ಆಗಿರ್ಲಿಲ್ಲ.

ಪ್ರಶ್ನೋತ್ತರದ ಬಗ್ಗೆ ಏನೂ ಹೇಳಲ್ಲ. ಪ್ರಶ್ನೆ ಅಂತ ಮೈಕ್ ಇಸ್ಕೊಂಡು ಸ್ವಂತ ಭಾಷಣ ಬಿಗಿಯೋರು ಅಲ್ಲೂ ಇದಾರೆ.

ಆ ಸಲ ಫೆಸ್ಟಿವಲ್ ಶುರುವಾಗ್ತಿದ್ದಂಗೇ ಒಂದು ಗಲಾಟೆ ಬೇರೆ ಆಗಿತ್ತು. ಬೇಲಿ ಗಿಫರ್ಡ್ ಅಂತ ಹೂಡಿಕೆ ಕಂಪನಿ ಪ್ರಾಯೋಜಕರಾಗಿದ್ರು, ಅವರ ದುಡ್ಡು ಇಸ್ರೇಲ್ ನಂಟಿರೋ ಕಂಪನಿಗಳಲ್ಲಿ, ತೈಲ-ಗ್ಯಾಸ್‌ನಲ್ಲಿ ಇದೆ ಅಂತ ವಿರೋಧ ಎದ್ದು, ಕೆಲವರು ಬರಲ್ಲ ಅಂದ್ಬಿಟ್ರು, ಫೆಸ್ಟಿವಲ್‌ನೋರು ಆ ಪ್ರಾಯೋಜಕತ್ವ ಕೈಬಿಟ್ರು. ಅಪ್ಪಂಗೆ ಇದು ಹೊಸದೇನಲ್ಲ. "1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲ್ಲ ಅಂದ್ರು, ಬೆಂಗಳೂರಲ್ಲಿ ಬಂಡಾಯದೋರು ಬೇರೇನೇ ಸಮ್ಮೇಳನ ಮಾಡಿದ್ರು. ಸಾಹಿತ್ಯ ಇರೋ ಕಡೆ ಜಗಳ ಇರ್ಲೇಬೇಕು" ಅಂತ ಖುಷಿಯಾಗೇ ಹೇಳಿದ್ರು. ಊರಲ್ಲಿದ್ದಂಗೇ ಅನ್ನಿಸ್ತೇನೋ.

ಪುಸ್ತಕದ ಟೆಂಟಲ್ಲಿ ಕನ್ನಡದ್ದು ಏನಾದ್ರೂ ಇದೆಯಾ ನೋಡು ಅಂದ್ರು. ಅನುವಾದದ ಕಪಾಟು ಪೂರ್ತಿ ಹುಡುಕಿದ್ರೂ ನನ್ನ ಕಣ್ಣಿಗೆ ಬೀಳಲಿಲ್ಲ. ಹೆಚ್ಚುಕಮ್ಮಿ ಒಂದು ವರ್ಷಕ್ಕೆ, 2025ರ ಮೇ 20ಕ್ಕೆ, ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು, ಕನ್ನಡಕ್ಕೆ ಅದೇ ಮೊದಲು. ನಮ್ಮ ಜಿಲ್ಲೆಯವರು ಅಂತ ಅಪ್ಪ ಫೋನ್ ಮಾಡಿ ಅವತ್ತು ಮೊದಲು ಕೇಳಿದ್ದೇ "ಈಗ ಹೋಗಿ ನೋಡೋ ಆ ಕಪಾಟು" ಅಂತ.

ಇನ್ನು ಸಹಿ ಹಾಕಿಸ್ಕೊಳ್ಳೋ ಕ್ಯೂ. ಉದ್ದ ಇತ್ತು. ಕ್ಯೂನಲ್ಲಿ ಒಬ್ಬ ಹುಡುಗಿ ಎಲ್ರಿಗೂ ಸಣ್ಣ ಹಳದಿ ಚೀಟಿ ಕೊಡ್ತಾ ಬಂದ್ಲು, ಅದರಲ್ಲಿ ನಿಮ್ಮ ಹೆಸರು ಬರೆದು ಪುಸ್ತಕಕ್ಕೆ ಅಂಟಿಸಿದ್ರೆ ಲೇಖಕರಿಗೆ ಸ್ಪೆಲ್ಲಿಂಗ್ ಕೇಳೋ ಕಷ್ಟ ಇಲ್ಲ. ಅಪ್ಪ ಪೆನ್ ತೆಗೆದು ನೀಟಾಗಿ ಕನ್ನಡದಲ್ಲಿ ಬರೆದ್ರು. ಅಪ್ಪ, ಇಂಗ್ಲಿಷಲ್ಲಿ ಬರೀಬೇಕು ಅಂದೆ. "ನನ್ನ ಹೆಸರು ಹಿಂಗೇ ಇರೋದು" ಅಂದ್ರು. ನಮ್ಮ ಸರದಿ ಬಂತು, ಆಯಮ್ಮ ಚೀಟಿ ನೋಡಿದ್ರು, ಅಪ್ಪನ್ನ ನೋಡಿದ್ರು, ಕನ್ನಡಕ ಸರಿ ಮಾಡ್ಕೊಂಡು ಒಂದೊಂದೇ ಅಕ್ಷರಾನ ರಂಗೋಲಿ ಎಳೆ ಹಾಕೋ ಥರ ನಿಧಾನಕ್ಕೆ ಬಿಡಿಸೋಕೆ ಶುರು ಮಾಡಿದ್ರು. ಅಪ್ಪನ ಹೆಸರಲ್ಲಿ ಒಂದು ಒತ್ತಕ್ಷರ ಇದೆ, ಅದು ಕೆಳಗೆ ಬರೋ ಬದಲು ಪಕ್ಕಕ್ಕೆ ಹೋಗಿ ಕೂತ್ಕೊಂಡ್ತು. ಹಿಂದೆ ನಿಂತಿದ್ದೋರೂ ಬಗ್ಗಿ ನೋಡ್ತಾ ಇದ್ರು, ಅಪ್ಪ ಕೈಮುಗಿದ್ರು, ಅವರೂ ಕೈಮುಗಿದ್ರು.

ವಾಪಸ್ ಬಸ್ ಹತ್ತೋ ಮುಂಚೆ ಊರಿನ ಕೋಟೆ ಹತ್ರ ಹಾನೆಸ್ಟಿ ಬುಕ್‌ಶಾಪ್ ನೋಡೋಕೆ ಹೋಗಿ ಒಂದು ಗಂಟೆ ಕಳೆದ್ವಿ. ಬಯಲಲ್ಲೇ ಕಪಾಟು, ಅಂಗಡಿಯೋರು ಇಲ್ಲ, ಬೇಕಾದ್ದು ತಗೊಂಡು ದುಡ್ಡು ಡಬ್ಬಿಗೆ ಹಾಕಿ ಹೋಗ್ಬೇಕು. ಅಪ್ಪ ಪುಸ್ತಕಕ್ಕಿಂತ ಜಾಸ್ತಿ ಡಬ್ಬಿ ಕಡೆನೇ ನೋಡ್ತಿದ್ರು, ಯಾರಾದ್ರೂ ಹಾಕದೆ ಹೋಗ್ತಾರಾ ಅಂತ.

ರಾತ್ರಿ ಮನೆಗೆ ಬಂದು ಊಟ ಆದ್ಮೇಲೆ ಅಮ್ಮಂಗೆ ತೋರಿಸೋಣ ಅಂತ ಆ ಪುಸ್ತಕ ತೆಗೆದು ನೋಡ್ತೀನಿ, ಸಹಿ ಇರೋ ಪುಟದಲ್ಲಿ ಒತ್ತಕ್ಷರದ ಮೇಲೆ ಸಣ್ಣಕೆ ಒಂದು ಗೆರೆ ಎಳೆದು, ಅದನ್ನ ಸರಿಯಾದ ಜಾಗದಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ರು.