ತೊಗರಿ ಚೀಲದ ಮೇಲೆ ಫೈನಾನ್ಸ್ ಪಾಠ

ತಮ್ಮನ ಬಿಕಾಂ ಪುಸ್ತಕ ಸುಮ್ನೆ ತಿರುವಿ ಹಾಕುತ್ತಿದ್ದೆ. ಫೈನಾನ್ಸ್ ಅಂದರೆ ಶೇರು, ಬ್ಯಾಂಕು, ಟೈ ಕಟ್ಟಿದ ಜನ ಅಂತಲೇ ಇಷ್ಟು ದಿನ ತಿಳಿದಿದ್ದೆ. ಶುರುವಿನಲ್ಲೇ ಬರೋದು ಹಣದ ಕಾಲಮೌಲ್ಯ: ಇವತ್ತಿನ ನೂರು ರೂಪಾಯಿ, ಮುಂದಿನ ವರ್ಷದ ನೂರು ರೂಪಾಯಿ ಎರಡೂ ಒಂದೇ ಅಲ್ಲ. ಕಲಬುರಗಿ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅಲ್ವಾ?

ನಮ್ಮ ಪಡಸಾಲೆಯಲ್ಲಿ ಇನ್ನೂ ಹನ್ನೊಂದು ಚೀಲ ತೊಗರಿ ಇದೆ, ಮೇಲೆ ಬೆಕ್ಕು ಮಲಗಿದೆ. ದರ ಏರಲಿ ಅಂತ ಅಪ್ಪ ಕಾಯುತ್ತಿದ್ದಾರೆ. ಆದರೆ ಬಿತ್ತನೆಗೆ ತಂದ ಕೈಗಡಕ್ಕೆ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ, ಅಂದರೆ ವರ್ಷಕ್ಕೆ 24! ಕ್ವಿಂಟಲ್‌ಗೆ ಈಗ 7,000 ರೂಪಾಯಿ ಅಂದ್ಕೊಳ್ಳಿ, ಮಾರಿ ಸಾಲ ತೀರಿಸಿದರೆ ಮೂರು ತಿಂಗಳಲ್ಲಿ 420 ರೂಪಾಯಿ ಬಡ್ಡಿ ಉಳಿಯುತ್ತೆ, ಅಂದಮೇಲೆ ಕಾದು 7,300ಕ್ಕೆ ಮಾರಿದರೂ ನಮಗೆ ಲುಕ್ಸಾನೇ.

ಲೆಕ್ಕ ಬರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು. "ದರ ಎಂಟು ಸಾವಿರ ಆದ್ರೆ?" ಅಂದರು.

ಅದು ರಿಸ್ಕ್ ಅಂತೆ. ಆ ಅಧ್ಯಾಯ ಇನ್ನೂ ಓದಿಲ್ಲ.