ಅಪ್ಪನ ಕೇಸು, ನೊಣದ ನರ

ನಮ್ಮಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಈಗಿನ ಹುಡುಗರಿಗೆ ಮೊಳೆ ಅಂದರೆ ಗೋಡೆಗೆ ಹೊಡೆಯುವುದು ಅಷ್ಟೇ. ಅಪ್ಪನ ಮೊಳೆ ಸೀಸದ್ದು, ತುದಿಯಲ್ಲಿ ಒಂದು ಉಲ್ಟಾ ಅಕ್ಷರ. ಅವನ್ನು ಹಾಕಿಡುವ ಖಾನೆಗಳ ಮರದ ತಟ್ಟೆಗೆ ಕೇಸು ಅನ್ನುತ್ತಿದ್ದರು. ನ, ರ, ದ ಕೈಯಳತೆಯಲ್ಲಿ, ದೊಡ್ಡ ಖಾನೆಯಲ್ಲಿ. ಝ, ಞ ಮೂಲೆಯಲ್ಲಿ, ಎರಡು ಬೆರಳು ತೂರುವಷ್ಟು ಜಾಗದಲ್ಲಿ. "ಹೆಚ್ಚ ಬರೂ ಅಕ್ಷರ ಕೈಗೆ ಸಿಗಬೇಕ ನೋಡವಾ. ಅಪರೂಪದ್ದು ಮೂಲ್ಯಾಗಿದ್ರೂ ನಡೀತೈತಿ" ಅಂತ ಅಪ್ಪ ಹೇಳಿದಾಗ ನಾನು ನಾಲ್ಕನೇ ಇಯತ್ತೆ.

ಈಗ ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತೇನೆ. ಮೊನ್ನೆ ಗದಗಿಗೆ ಹೋಗುವಾಗ ರೈಲಿನಲ್ಲಿ ವಿಲಿಯಂ ಬಿಯಾಲೆಕ್ ಅವರ ಕೆಲಸದ ಬಗ್ಗೆ ಓದುತ್ತಿದ್ದೆ. ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ, ಆದರೆ ವರ್ಷಗಟ್ಟಲೆ ನೊಣದ ಹಿಂದೆ ಬಿದ್ದವರು. ಅಣ್ಣಿಗೇರಿ ದಾಟಿದ ಮೇಲೆ ಒಬ್ಬಳೇ ನಕ್ಕುಬಿಟ್ಟೆ. ಎದುರಿಗಿದ್ದ ಅಜ್ಜಿ "ಏನಾತವ್ವಾ?" ಅಂದರು. ಏನಂತ ಹೇಳಲಿ?

ಮಾಹಿತಿಯನ್ನು ಅಳೆಯುವ ದಾರಿ ತೋರಿಸಿದ್ದು ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್, 1948ರಲ್ಲಿ. ಗೊತ್ತಿದ್ದದ್ದೇ ಬಂದರೆ ಮಾಹಿತಿ ಸೊನ್ನೆ. ಊಹೆಗೆ ಸಿಗದ್ದು ಬಂದಷ್ಟೂ ಜಾಸ್ತಿ. ಎರಡು ಸಮ ಸಾಧ್ಯತೆಗಳಲ್ಲಿ ಒಂದು ಗೊತ್ತಾದರೆ 1 ಬಿಟ್, ಎಂಟರಲ್ಲಿ ಒಂದು ಗೊತ್ತಾದರೆ 3 ಬಿಟ್. ಲಗ್ನಪತ್ರಿಕೆ ತಗೊಳ್ಳಿ. "ಸಹಕುಟುಂಬ ಪರಿವಾರ ಸಮೇತ ಆಗಮಿಸಿ" ಅನ್ನೋದನ್ನು ಯಾರಾದರೂ ಓದುತ್ತಾರಾ? ಅಪ್ಪ ಆ ಸಾಲುಗಳನ್ನು ಬಿಚ್ಚುತ್ತಲೇ ಇರಲಿಲ್ಲ. ಸುತಳಿ ಕಟ್ಟಿ ಎತ್ತಿಟ್ಟುಬಿಡುತ್ತಿದ್ದರು. ಹೆಸರು, ತಾರೀಖು, ಜಾಗ ಬದಲಿಸಿದರೆ ಹೊಸ ಪತ್ರಿಕೆ ತಯಾರು. ಶಾನನ್ ಲೆಕ್ಕದಲ್ಲೂ ಪತ್ರಿಕೆಯ ಮಾಹಿತಿ ಹೆಚ್ಚುಕಡಿಮೆ ಆ ಮೂರರಲ್ಲೇ ಇದೆ.

ಇನ್ನು ನೊಣ. ಅದರ ಮಿದುಳಿನಲ್ಲಿ ಎಚ್1 ಅಂತ ಒಂದು ನರಕೋಶ. ಕಣ್ಣ ಮುಂದಿನ ದೃಶ್ಯ ಅಡ್ಡಕ್ಕೆ ಸರಿದರೆ ಇದು ಟಕ್ ಟಕ್ ಅಂತ ವಿದ್ಯುತ್ ಮಿಡಿತ ಕಳಿಸುತ್ತದೆ. ಮಿಡಿತಗಳೆಲ್ಲ ಒಂದೇ ತರ. ಹೇಳಬೇಕಾದ್ದನ್ನೆಲ್ಲ ಅವು ಬರುವ ಹೊತ್ತಿನಲ್ಲೇ ಹೇಳಬೇಕು. ಸೆಕೆಂಡಿಗೆ ಇಷ್ಟೇ ಅಂತ ಮಿತಿ ಬೇರೆ. ಸುಮ್ನೆ ತೇಲುವಾಗಿನ ಸಣ್ಣ ಅಲುಗಾಟವನ್ನೂ, ಗಿರ್ರನೆ ತಿರುಗುವಾಗಿನ ವೇಗವನ್ನೂ ಅಷ್ಟರಲ್ಲೇ ಹೇಳೋದು ಹೇಗೆ?

ಬಿಯಾಲೆಕ್, ರಾಬ್ ಡಿ ರೈಟರ್ ವಾನ್ ಸ್ಟೆವೆನಿಂಕ್, ನಾಮಾ ಬ್ರೆನ್ನರ್ 2000ದಲ್ಲಿ ಪ್ರಕಟಿಸಿದ ಉತ್ತರವೇ ನನ್ನನ್ನು ನಗಿಸಿದ್ದು. ಆ ಕೋಶ ತನ್ನ ಅಳತೆಪಟ್ಟಿಯನ್ನೇ ಬದಲಿಸಿಕೊಳ್ಳುತ್ತದೆ! ಸುತ್ತಲಿನ ಚಲನೆ ಮೆಲ್ಲಗಿದ್ದರೆ ಸಣ್ಣ ವ್ಯತ್ಯಾಸಕ್ಕೂ ಜೋರು ಉತ್ತರ. ಚಲನೆ ಜೋರಾದರೆ ಅದೇ ಉತ್ತರಕ್ಕೆ ದೊಡ್ಡ ವ್ಯತ್ಯಾಸ ಬೇಕು. ಪಟ್ಟಿಯನ್ನು ಎಷ್ಟು ಹಿಗ್ಗಿಸಬೇಕು? ಅಳೆದು ನೋಡಿದರೆ, ಎಷ್ಟು ಹಿಗ್ಗಿಸಿದರೆ ಅತಿ ಹೆಚ್ಚು ಮಾಹಿತಿ ದಾಟುತ್ತದೋ ಅಷ್ಟೇ ಹಿಗ್ಗಿತ್ತು.

ಅಪ್ಪ ಮಾಡುತ್ತಿದ್ದದ್ದು ಇದನ್ನೇ ಅಲ್ವಾ? ಲಗ್ನದ ಸೀಸನ್ ಬಂತೆಂದರೆ ಶ್ರೀ, ಚಿ, ಸೌ ಸರಸರ ಖಾಲಿ. ಆಗ ಅವನ್ನು ನಡುವಿನ ಖಾನೆಗೆ ತಂದು, ಅಲ್ಲಿದ್ದದ್ದನ್ನು ಅಂಚಿಗೆ ತಳ್ಳುತ್ತಿದ್ದರು. ಪರೀಕ್ಷೆ ಕಾಲಕ್ಕೆ ಪ್ರಶ್ನೆಚಿಹ್ನೆ ಮುಂದೆ ಬರುತ್ತಿತ್ತು. (ಮಿದುಳು ಅಂದರೆ ಕಂಪ್ಯೂಟರ್ ಅಂತ ವಾಟ್ಸಾಪಿನಲ್ಲಿ ಬರುವುದನ್ನು ನಾನು ನಂಬುವುದಿಲ್ಲ. ಮಿದುಳು ಪ್ರೆಸ್ಸು ಅಂತಲೂ ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ.)

ಆದರೆ ಒಂದು ಸಲ ಎಡವಟ್ಟಾಯಿತು. ಅಪ್ಪನಿಗೆ ಜ್ವರ. ಬದಲಿಗೆ ಬಂದ ಕಾಕಾ ರೂಢಿಯಂತೆ ಕೈ ಹಾಕಿದರು. ಪಳಗಿದವರು ಪ್ರತಿ ಸಲ ಕೇಸು ನೋಡುತ್ತಾ ಕೂರುವುದಿಲ್ಲ, ಬೆರಳಿಗೇ ಗೊತ್ತಿರುತ್ತದೆ. 'ಜ' ಇದ್ದ ಖಾನೆಯಲ್ಲಿ ಈಗ 'ಶ್ರೀ'. ಸಂಜೆ ಪ್ರೂಫಿನಲ್ಲಿ ಮದುಮಗ ಬಸವರಾಜ ಹೋಗಿ ಬಸವರಾಶ್ರೀ ಆಗಿದ್ದ. ಆಮೇಲೆ ಅಪ್ಪ ಖಾನೆ ಬದಲಿಸಿದಾಗಲೆಲ್ಲ ಕೇಸಿನ ಅಂಚಿಗೆ ಸೀಮೆಸುಣ್ಣದಿಂದ 'ಲಗ್ನ' ಅಂತ ಬರೆಯುತ್ತಿದ್ದರು.

ನೊಣಕ್ಕೂ ಇದೇ ತಾಪತ್ರಯ. ಪಟ್ಟಿ ಹಿಗ್ಗಿದೆ ಅಂತ ತಿಳಿಯದೆ ಮಿಡಿತ ಓದಿದರೆ ವೇಗ ತಪ್ಪಾಗುತ್ತದೆ. 2001ರಲ್ಲಿ ಏಡ್ರಿಯೆನ್ ಫೇರ್‌ಹಾಲ್ ಮತ್ತು ಇದೇ ಬಿಯಾಲೆಕ್ ಗುಂಪಿನವರು ಇದನ್ನು ಕೆದಕಿದರು. ಪಟ್ಟಿ ಒಂದು ಸೆಕೆಂಡಿನೊಳಗೇ ಬದಲಾಗುತ್ತದೆ. ಈಗ ಯಾವ ಪಟ್ಟಿ ನಡೆದಿದೆ ಅನ್ನೋ ಸುಳಿವೂ ಮಿಡಿತಗಳ ನಡುವಿನ ಅಂತರದಲ್ಲೇ ಅಡಗಿರುತ್ತದೆ. ಅದೇ ಸೀಮೆಸುಣ್ಣದ ಗುರುತು!

ಮನೆ ಮುಟ್ಟಿದವಳೇ ಅಪ್ಪನಿಗೆ ಇದೆಲ್ಲ ಹೇಳಿದೆ. ಎಂಬತ್ತು ದಾಟಿದ್ದಾರೆ, ಕಿವಿ ಸ್ವಲ್ಪ ಮಂದ. ಎರಡೆರಡು ಸಲ ಹೇಳಬೇಕಾಯಿತು. ಕೊನೆಗೆ ಕೇಳಿದರು, "ಖಾನಿ ಬದಲಿ ಮಾಡಾಕ ಅದಕ ಎಷ್ಟ ಹೊತ್ತ ಬೇಕು?"

"ಒಂದ ಸೆಕೆಂಡೂ ಬ್ಯಾಡ ಅಪ್ಪಾ."

ಅಪ್ಪ ತಮ್ಮ ಬೆರಳು ನೋಡಿಕೊಂಡರು. "ಮತ್ತೇನು, ಅದಕ ಮೊಳಿ ಬಿಚ್ಚಿ ತಿರುಗಿ ಖಾನ್ಯಾಗ ಹಾಕೂ ಕೆಲಸ ಇಲ್ಲಲ್ಲ" ಅಂದು ಚಹಾಕ್ಕೆ ಕೈ ಚಾಚಿದರು.